ಅತ್ತೆಗೆ ವಾಕಿಂಗ್ ಬೇಡ, ಈರುಳ್ಳಿ ಬುಟ್ಟಿ ಕೊಡಿ

ಪ್ರಶ್ನೆ: ನಮ್ಮನೆ ಕುಮಟಾ ಹತ್ರ, ಹೈವೇಯಿಂದ ಸ್ವಲ್ಪ ಒಳಗೆ. ಅತ್ತೆಗೆ 71 ವರ್ಷ. ಎರಡು ವರ್ಷದ ಹಿಂದೆ ಡಾಕ್ಟ್ರು ಅಲ್ಜೈಮರ್ ಅಂದ್ರು, ಅದಕ್ಕೆ ಡೊನೆಪೆಜಿಲ್ ಗುಳಿಗೆ ನಡೀತಾ ಇದೆ, ಬಿಪಿ ಗುಳಿಗೆನೂ ಇದೆ. ಮೊದ್ಲು ಈರುಳ್ಳಿ ಬೆಳೆದು, ಜಡೆ ಕಟ್ಟಿ, ಹೈವೇ ಪಕ್ಕ ಕೂತು ಮಾರ್ತಿದ್ದವ್ರು, ಈಗ ಬೆಳಗ್ಗಿಂದ ಸಂಜೆ ತನಕ ಜಗಲಿ ಮೇಲೆ ಪ್ಲಾಸ್ಟಿಕ್ ಕುರ್ಚಿಲಿ ಕೂತಿರ್ತಾರೆ. ದಿನಾ ಅರ್ಧ ಗಂಟೆ ವಾಕಿಂಗ್ ಮಾಡ್ಸಿ ಅಂತ ಡಾಕ್ಟ್ರು ಹೇಳಿದ್ದಾರೆ, ಆದ್ರೆ ಏಳಿ ಅಂದ್ರೆ ಬೈತಾರೆ, ಕೈ ಹಿಡಿದ್ರೆ ಕೊಡವ್ತಾರೆ. ಸಂಜೆ ಆದ್ರೆ ಮಾತ್ರ ಯಾರಿಗೂ ಹೇಳ್ದೆ ತಾವೇ ಎದ್ದು ಹೊರಡ್ತಾರೆ, ಒಂದ್ಸಲ ಹೈವೇ ತನಕ ಹೋಗಿದ್ರು, ಅದಕ್ಕೆ ಗೇಟಿಗೆ ಬೀಗ ಹಾಕಿದೀವಿ. ಹೋದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ರು, ಏನೂ ಮುರಿದಿಲ್ಲ. ಯಜಮಾನ್ರು ಗೋವಾದಲ್ಲಿ ಕೆಲಸದಲ್ಲಿದ್ದಾರೆ, ಶನಿವಾರ ಬರ್ತಾರೆ. ಅಕ್ಕಪಕ್ಕದವ್ರು ‘ಅರಳುಮರಳು ಅದು, ಸುಮ್ನೆ ಕೂರ್ಲಿ ಬಿಡಿ, ನಡೆಸಕ್ಕೆ ಹೋಗಿ ಬೀಳಿಸ್ಬೇಡಿ’ ಅಂತಾರೆ. ವ್ಯಾಯಾಮ ಮಾಡ್ಸಿದ್ರೆ ಮರೆವು ಕಡಿಮೆ ಆಗ್ತದಾ? ಮಾಡ್ಸೋದಾದ್ರೂ ಹೇಗೆ?

ಉತ್ತರ: ತಂಗೀ, ನಿಮ್ಮ ಪತ್ರ ಎರಡ್ಸಲ ಓದ್ದೆ. ಡಾಕ್ಟ್ರು ಹೇಳಿದ್ದೂ ಸರಿ, ಅಕ್ಕಪಕ್ಕದವ್ರ ಹೆದರಿಕೇಲೂ ಹುರುಳಿದೆ, ಆದ್ರೆ ಒಂದು ವಿಷ್ಯ ಯಾರ ಲಕ್ಷ್ಯಕ್ಕೂ ಬಂದಿಲ್ಲ. ನಿಮ್ಮತ್ತೆ ತಮ್ಮ ಜೀವಮಾನದಲ್ಲಿ ಒಂದಿನವೂ ವಾಕಿಂಗ್ ಮಾಡಿದವ್ರಲ್ಲ. ಗದ್ದೆಗೆ ಹೋಗಿದ್ದಾರೆ, ಬಾವಿಗೆ ಹೋಗಿದ್ದಾರೆ, ತಲೆ ಮೇಲೆ ಬುಟ್ಟಿ ಹೊತ್ಕೊಂಡು ರಸ್ತೆಗೆ ಹೋಗಿದ್ದಾರೆ, ಆದ್ರೆ ಸುಮ್ನೆ ನಡೀಬೇಕು ಅಂತ ನಡೆದಿದ್ದು ಇಲ್ಲ. ಅದು ಕಾರವಾರದ ಟಾಗೋರ್ ಬೀಚಲ್ಲಿ ಬೆಳಗ್ಗೆ ಶೂ ಹಾಕ್ಕೊಂಡು ಕೈಬೀಸ್ತಾ ಹೋಗೋ ರಿಟೈರ್ಡ್ ಆಫೀಸರ್‌ಗಳ ಅಭ್ಯಾಸ. ಈಗ ನೀವು ಹೋಗಿ ‘ಅತ್ತೇ ಏಳಿ, ವಾಕಿಂಗ್ ಹೋಗ್ವ’ ಅಂದ್ರೆ ಅವರಿಗೆ ಅದು ಎಲ್ಲಿಗೆ, ಯಾಕೆ, ಏನು ತರಕ್ಕೆ ಅಂತ ಅರ್ಥನೇ ಆಗೋದಿಲ್ಲ, ಅರ್ಥ ಆಗ್ದೇ ಇದ್ದಿದ್ದಕ್ಕೆ ಬೈತಾರೆ, ನಾನಾದ್ರೂ ಬೈತಿದ್ದೆ. ಸಂಜೆ ತಾವೇ ಹೊರಡ್ತಾರಲ್ಲ, ಆಗ ಅವರ ಮನಸ್ಸಲ್ಲಿ ಹೋಗ್ಬೇಕಾದ ಜಾಗ ಒಂದಿರ್ತದೆ, ಆದ್ರಿಂದ ಕಾಲು ತಾನಾಗೇ ಏಳ್ತದೆ. ಅಂದ್ರೆ ಕಾಲು ಸರಿ ಇದೆ ತಂಗೀ. ಕಾಲಿಗೆ ಕೆಲಸ ಇಲ್ಲ ಅಷ್ಟೇ.

ಮೊದಲು ಮರೆವಿನ ಪ್ರಶ್ನೆ ಮುಗಿಸಿಬಿಡ್ವ, ಯಾಕಂದ್ರೆ ಇಲ್ಲಿ ಸುಳ್ಳು ಆಸೆ ಹುಟ್ಟಿಸೋರು ಬಹಳ ಜನ ಇದ್ದಾರೆ. ಡಿಮೆನ್ಶಿಯಾ, ಅಂದ್ರೆ ಅಲ್ಜೈಮರ್ ಥರದ ಮರೆವಿನ ಕಾಯಿಲೆ, ಬಂದ ಮೇಲೆ ವ್ಯಾಯಾಮದಿಂದ ಹೋದ ನೆನಪು ವಾಪಸ್ ಬರೋದಿಲ್ಲ. ಬ್ರಿಟನ್ನಲ್ಲಿ 494 ಜನರ ಮೇಲೆ ಮಾಡಿದ ದೊಡ್ಡ ಪ್ರಯೋಗ 2018ರಲ್ಲಿ ಪ್ರಕಟ ಆಯ್ತು, ಅದರಲ್ಲಿ ನಾಲ್ಕು ತಿಂಗಳು ಜಿಮ್ಮಿನ ಥರ ಜೋರಾಗೇ ಕಸರತ್ತು ಮಾಡಿಸಿದ್ರು, ಜನರ ಮೈಯಲ್ಲಿ ಶಕ್ತಿ ಬಂತು, ಆದ್ರೆ ಮರೆವಿನ ಓಟ ನಿಧಾನ ಆಗ್ಲಿಲ್ಲ. ಇದನ್ನ ಓದಿ ‘ಹಾಗಾದ್ರೆ ಬಿಡಿ’ ಅಂದೋರೂ ಇದ್ದಾರೆ. ನಾನು ಹಾಗನ್ನೋದಿಲ್ಲ. ಯಾಕಂದ್ರೆ ಅದಕ್ಕೂ ಮುಂಚೆ 2013ರಲ್ಲಿ ಫಿನ್ಲೆಂಡಿನ ಒಂದು ಅಧ್ಯಯನ ಬಂದಿತ್ತು, ಮನೇಲೇ ಇರೋ 210 ಅಲ್ಜೈಮರ್ ಪೇಷಂಟುಗಳದ್ದು, ಕೆಲವರ ಮನೆಗೆ ಫಿಸಿಯೋಥೆರಪಿಸ್ಟ್ ವಾರಕ್ಕೆ ಎರಡು ಸಲ ಒಂದು ವರ್ಷ ಹೋಗಿ ಅವರವರಿಗೆ ತಕ್ಕ ಹಾಗೆ ಮಾಡ್ಸಿದ್ರು. ಅಂಥವರಲ್ಲಿ ಬೀಳೋದು ಕಡಿಮೆ ಆಯ್ತು, ಮೈಗೆ ನೀರು ಹಾಕ್ಕೊಳ್ಳೋದು, ಬಟ್ಟೆ ಉಟ್ಕೊಳ್ಳೋದು, ನಡಿಯೋದು ಇದೆಲ್ಲ ಕೈಬಿಟ್ಟು ಹೋಗೋದು ನಿಧಾನ ಆಯ್ತು. ನಿಮಗೆ ಬೇಕಾಗಿರೋದು ಇದೇ. ಅತ್ತೆ ನಿಮ್ಮ ಹೆಸರು ಮರೆತ ಮೇಲೂ ತಾವೇ ಎದ್ದು ಬಚ್ಚಲಿಗೆ ಹೋಗಿ ಬರೋ ಹಾಗಿದ್ರೆ ಮನೆ ನಡೀತದೆ. ಹೆಸರು ನೆನಪಿದ್ದೂ ಏಳಕ್ಕೆ ಇಬ್ಬರು ಬೇಕು ಅಂತಾದ್ರೆ, ಅದೂ ನೀವೊಬ್ಬರೇ ಇರೋ ಮನೇಲಿ, ಆಗ ಗೊತ್ತಾಗ್ತದೆ ಕಷ್ಟ ಏನು ಅಂತ. ಇನ್ನು ರಾತ್ರಿ ನಿದ್ದೆ, ಹೊಟ್ಟೆ ಕಟ್ಟೋದು, ಸಂಜೆಯ ಚಡಪಡಿಕೆ ಇವೆಲ್ಲ ಹಗಲು ಮೈ ಆಡಿದ ದಿನ ಹಗುರ ಇರೋದನ್ನ ನಾನು ಮನೆ ಮನೇಲಿ ನೋಡಿದೀನಿ.

ನಾನು ಕಲಿತಿದ್ದೂ ತಪ್ಪು ಮಾಡೇ. ಮನೆ ಮನೆಗೆ ಹೋಗಿ ವ್ಯಾಯಾಮ ಹೇಳಿಕೊಡೋ ಈ ಕೆಲಸ ಶುರು ಮಾಡಿದ ಹೊಸದ್ರಲ್ಲಿ ಹೊನ್ನಾವರ ಕಡೆ ಒಬ್ಬ ಅಜ್ಜನ ಮನೆಗೆ ಹೋಗ್ತಿದ್ದೆ, ನಿಮ್ಮತ್ತೆ ಥರವೇ ಗಟ್ಟಿ ಕಾಲು, ಹೊರಗೆ ಹೋಗೋ ಚಟ. ನಾನು ಎಂಟು ವ್ಯಾಯಾಮದ ಚಿತ್ರ ಇರೋ ಹಾಳೆ ಕೊಟ್ಟೆ, ಮಗ ಅದನ್ನ ಗೋಡೆಗೆ ಅಂಟಿಸಿದ, ಅಜ್ಜ ಒಂದು ದಿನವೂ ಆ ಕಡೆ ತಿರುಗಿ ನೋಡ್ಲಿಲ್ಲ. ಮೇಲಿಂದ ನಾನೇ ‘ಬಾಗಿಲು ಹಾಕ್ಕೊಂಡಿರಿ, ರಸ್ತೆ ಅಪಾಯ’ ಅಂತ ಬುದ್ಧಿ ಹೇಳಿ ಬಂದೆ. ಮೂರು ತಿಂಗಳು ಬಿಟ್ಟು ಹೋದ್ರೆ ಅಜ್ಜ ಮಂಚದಿಂದ ಏಳಕ್ಕೆ ಮಗ-ಸೊಸೆ ಇಬ್ರೂ ಹಿಡೀಬೇಕಾಗಿತ್ತು. ವಯಸ್ಸಾದವ್ರ ತೊಡೆಯ ಮಾಂಸಖಂಡ ಅಷ್ಟು ಬೇಗ ಕರಗ್ತದೆ, ಕರಗಿದ್ದು ಅಷ್ಟು ಬೇಗ ಬರೋದಿಲ್ಲ. ಆ ಹಾಳೆ ಇನ್ನೂ ಗೋಡೆ ಮೇಲೇ ಇತ್ತು, ಒಂದು ಮೂಲೆ ಸುರುಳಿ ಸುತ್ತಿಕೊಂಡು. ಅವತ್ತಿಂದ ಮರೆವಿನ ಕಾಯಿಲೆಯವರಿಗೆ ಹಾಳೆ ಕೊಡೋದು ಬಿಟ್ಟೆ.

ಇನ್ನು ಶುರು ಮಾಡೋ ಮುಂಚೆ ಕೆಲವು ವಿಷ್ಯ ನೋಡ್ಲೇಬೇಕು, ಇದನ್ನ ದಾಟಿ ಮುಂದೆ ಹೋಗ್ಬೇಡಿ. ಹೋದ ತಿಂಗಳು ಬಿದ್ರು ಅಂದ್ರಿ, ತಲೆಗೆ ಪೆಟ್ಟು ಬಿದ್ದಿತ್ತಾ? ವಯಸ್ಸಾದವರಲ್ಲಿ ತಲೆಬುರುಡೆ ಒಳಗೆ ರಕ್ತ ನಿಧಾನವಾಗಿ ಸೋರಿ, ಎರಡು ಮೂರು ವಾರ ಬಿಟ್ಟು ತೊಂದರೆ ಕಾಣಿಸ್ಕೊಳ್ಳೋದುಂಟು. ಬಿದ್ದ ಮೇಲೆ ನಡಿಗೆ ಕೆಟ್ಟಿದ್ರೆ, ಒಂದು ಕಾಲು ಎಳೀತಾ ಇದ್ರೆ, ಹಗಲೆಲ್ಲ ತೂಕಡಿಕೆ ಜಾಸ್ತಿ ಆಗಿದ್ರೆ, ತಲೆನೋವು ಅಂತ ತಲೆ ಹಿಡ್ಕೊಳ್ತಿದ್ರೆ, ಇದು ಮರೆವು ಜೋರಾಗಿದ್ದು ಅಂದ್ಕೊಂಡು ಸುಮ್ನೆ ಕೂರ್ಬೇಡಿ, ಡಾಕ್ಟ್ರಿಗೆ ತೋರಿಸಿ, ಸಿಟಿ ಸ್ಕ್ಯಾನ್ ಬೇಕಾ ಅಂತ ಕೇಳಿ. ರಕ್ತ ತೆಳು ಮಾಡೋ ಗುಳಿಗೆ ತಗೊಳ್ತಿದ್ರೆ ಇನ್ನೂ ಹುಷಾರು. ಹಾಗೇ, ನಿನ್ನೆ ಸರಿ ಇದ್ದವ್ರು ಒಂದೆರಡು ದಿನದಲ್ಲಿ ಒಮ್ಮೆಲೇ ಗೊಂದಲ ಜಾಸ್ತಿಯಾಗಿ ಮಂಕಾದ್ರೆ ಅದು ಡಿಮೆನ್ಶಿಯಾ ಅಲ್ಲ, ಹೆಚ್ಚಾಗಿ ಮೂತ್ರದ ಸೋಂಕೋ, ಜ್ವರವೋ, ಹೊಟ್ಟೆ ಕಟ್ಟಿದ್ದೋ, ಮೈಯಲ್ಲಿ ನೀರು ಕಡಿಮೆಯಾಗಿದ್ದೋ ಇರ್ತದೆ, ಡಾಕ್ಟ್ರು ಕಾರಣ ಹುಡುಕಿ ಔಷಧಿ ಕೊಟ್ರೆ ಹೆಚ್ಚಾಗಿ ಸರಿ ಹೋಗ್ತದೆ.

ಎರಡನೇದು ಗುಳಿಗೆ. ಡೊನೆಪೆಜಿಲ್ ಕೆಲವರಲ್ಲಿ ನಾಡಿ ಬಡಿತ ನಿಧಾನ ಮಾಡ್ತದೆ. ಕೂತಾಗ ಮಣಿಕಟ್ಟಿನಲ್ಲಿ ಬೆರಳಿಟ್ಟು ಒಂದು ನಿಮಿಷ ಎಣಿಸಿ, 50ಕ್ಕಿಂತ ಕಡಿಮೆ ಬಂದ್ರೆ ಅಥವಾ ಎಲ್ಲಾದ್ರೂ ಕಣ್ಣು ಕತ್ತಲೆ ಬಂದು ಕುಸಿದಿದ್ರೆ ಗುಳಿಗೆ ಬರೆದ ಡಾಕ್ಟ್ರಿಗೆ ಹೇಳಿ, ನೀವೇ ನಿಲ್ಲಿಸ್ಬೇಡಿ. ಬಿಪಿನ ಮಲಗಿದಾಗ ಒಂದ್ಸಲ, ಎದ್ದು ನಿಂತು ಮೂರು ನಿಮಿಷದೊಳಗೆ ಇನ್ನೊಂದ್ಸಲ ನೋಡಕ್ಕೆ ಹೇಳಿ. ಮೇಲಿನ ಅಂಕಿ 20 ಅಥವಾ ಕೆಳಗಿನದ್ದು 10 ಇಳಿದ್ರೆ ಡಾಕ್ಟ್ರು ಬಿಪಿ ಗುಳಿಗೆ ಲೆಕ್ಕ ಬದಲಾಯಿಸ್ಬೇಕಾಗ್ಬಹುದು. ಬೆಳಗ್ಗೆ ಬಚ್ಚಲಿಗೆ ಹೋಗುವಾಗ ಬೀಳೋರಲ್ಲಿ ಹೀಗೆ ಬಿಪಿ ಇಳಿದು ಬೀಳೋರು ಕಡಿಮೆ ಇಲ್ಲ. ಬೆಳಗ್ಗೆ ಎಚ್ಚರ ಆದ ತಕ್ಷಣ ಎಬ್ಬಿಸಿ ನಿಲ್ಲಿಸ್ಬೇಡಿ, ಮಂಚದ ಅಂಚಿಗೆ ಎರಡು ನಿಮಿಷ ಕಾಲು ಇಳಿಬಿಟ್ಟು ಕೂರ್ಲಿ. ಕಣ್ಣಲ್ಲಿ ಪೊರೆ ಇದೆಯಾ, ಕಿವಿ ಕೇಳ್ತದಾ, ಇವೂ ನೋಡ್ಬೇಕು. ಆಮೇಲೆ ನಗ್ಬೇಡಿ, ಕಾಲಿನ ಉಗುರು ನೋಡಿ. ಎಷ್ಟೋ ಮನೇಲಿ ‘ನಡಿಯೋಕೆ ಒಪ್ಪೋದಿಲ್ಲ’ ಅಂತ ನನ್ನ ಕರೀತಾರೆ, ಹೋಗಿ ನೋಡಿದ್ರೆ ಹೆಬ್ಬೆರಳ ಉಗುರು ಬೆಳೆದು ಮಾಂಸಕ್ಕೆ ಚುಚ್ತಾ ಇರ್ತದೆ. ನೋವು ಅಂತ ಹೇಳಕ್ಕೆ ಅವರಿಗೆ ಮಾತು ಸಿಗೋದಿಲ್ಲ, ಸಿಟ್ಟು ಮಾತ್ರ ಬರ್ತದೆ. ಮಂಡಿನೋವೂ ಹಾಗೇ, ಏಳುವಾಗ ಮುಖ ಕಿವುಚ್ತಾರಾ ನೋಡಿ.

ಸರಿ, ಈಗ ಈರುಳ್ಳಿ ವಿಷಯಕ್ಕೆ ಬರ್ತೀನಿ.

ಅಲ್ಜೈಮರಲ್ಲಿ ಮೊದಲು ಪೆಟ್ಟು ತಿನ್ನೋದು ಮೆದುಳಲ್ಲಿ ಹೊಸ ನೆನಪು ಕೂಡಿಡೋ ಭಾಗ. ಹಾಗಾಗಿ ಬೆಳಗ್ಗೆ ತಿಂಡಿ ತಿಂದಿದ್ದು ನೆನಪಿರೋದಿಲ್ಲ. ಆದ್ರೆ ಸೈಕಲ್ ಹೊಡಿಯೋದು, ಹೂ ಕಟ್ಟೋದು, ರೊಟ್ಟಿ ತಟ್ಟೋದು ಇಂಥ ಕೈಚಳಕ ಕೂತಿರೋದು ಬೇರೆ ಕಡೆ, ಅದು ಬಹಳ ದಿನ ಉಳೀತದೆ. ಸಿರ್ಸಿ ಕಡೆ ಮನೆಗಳಲ್ಲಿ ನೋಡಿದೀನಿ, ಮೊಮ್ಮಗನ ಹೆಸರು ಹೇಳಕ್ಕೆ ಬರ್ದೇ ಇರೋ ಅಜ್ಜಿ ಚಾಲಿ ಬೇರೆ, ಕೋಕ ಬೇರೆ, ಕೆಂಪುಗೋಟು ಬೇರೆ ಅಂತ ಅಡಿಕೆ ಆರಿಸಿ ರಾಶಿ ಹಾಕ್ತಾರೆ, ನನ್ನಂಥ ಕರಾವಳಿಯವನಿಗೆ ಆ ವ್ಯತ್ಯಾಸ ಹೇಳಿದ್ರೂ ತಿಳಿಯೋದಿಲ್ಲ. (ಅಡಿಕೆ ಸುಲಿಯೋ ಕತ್ತಿ ಮಾತ್ರ ಕೊಡ್ಬೇಡಿ ಅಂತ ಅವರ ಮನೆಯವರಿಗೂ ಹೇಳಿ ಬಂದೆ.) ನಿಮ್ಮತ್ತೆ ಕೈಗೆ ಈರುಳ್ಳಿ ಜಡೆ ಗೊತ್ತಿದೆ. ಅಳ್ವೆಕೋಡಿ, ವನ್ನಳ್ಳಿ, ಹಂದಿಗೋಣ ಕಡೆಯ ಹೆಂಗಸರು ಹಸಿ ಎಲೆ ಇರುವಾಗಲೇ ಗಡ್ಡೆ ಸೇರಿಸಿ ಹೆಣೆದು ರಸ್ತೆ ಪಕ್ಕ ಸಾಲಾಗಿ ತೂಗುಹಾಕ್ತಾರಲ್ಲ, ಅದನ್ನ ನಾನು ಒಂದ್ಸಲ ಮಾಡಕ್ಕೆ ಹೋಗಿ ಕೈಯೆಲ್ಲ ಕಸಿವಿಸಿ ಮಾಡ್ಕೊಂಡೆ, ಅಲ್ಲಿದ್ದ ಅಕ್ಕ ನಕ್ಕು ನನ್ನ ಕೈಯಿಂದ ಕಿತ್ಕೊಂಡ್ರು.

ಆದ್ರೆ ಕೂತಲ್ಲೇ ಹೆಣೆದ್ರೆ ಬೆರಳಿಗೆ ವ್ಯಾಯಾಮ ಆಯ್ತು, ಕಾಲಿಗೆ ಏನೂ ಆಗ್ಲಿಲ್ಲ. ಅದಕ್ಕೆ ಒಂದು ಸಣ್ಣ ಮೋಸ ಮಾಡ್ಬೇಕು. ಈರುಳ್ಳಿ ಬುಟ್ಟಿ ಜಗಲಿಯ ಈ ತುದಿಗೆ ಇಡಿ, ಅತ್ತೆ ಕೂರೋ ಜಾಗ ಆ ತುದಿಗೆ, ಕಟ್ಟಿದ ಜಡೆ ತೂಗುಹಾಕೋ ಹಗ್ಗ ಮಧ್ಯದ ಕಂಬಕ್ಕೆ. ಬುಟ್ಟಿಯಿಂದ ಒಂದು ಸಲಕ್ಕೆ ಎಂಟ್ಹತ್ತು ಗಡ್ಡೆ ಮಾತ್ರ ತರ್ಬೇಕು. ಒಂದು ಜಡೆ ಮುಗಿಯೋಷ್ಟರಲ್ಲಿ ನಾಲ್ಕೈದು ಸಲ ಏಳೋದು, ನಡಿಯೋದು, ಬಗ್ಗೋದು, ಕೈ ಎತ್ತೋದು ಎಲ್ಲ ಆಗಿರ್ತದೆ, ಅವರಿಗೆ ಮಾತ್ರ ಕೆಲಸ ಮಾಡ್ದೆ ಅಂತ ಅನಿಸಿರ್ತದೆ. ಹಗ್ಗ ಭುಜದ ಮಟ್ಟಕ್ಕಿರ್ಲಿ, ಅದಕ್ಕಿಂತ ಮೇಲೆ ಬೇಡ, ತಲೆ ಮೇಲಕ್ಕೆತ್ತಿ ಕೈ ಚಾಚಿದ್ರೆ ಜೋಲಿ ಹೊಡೀತದೆ. ಜಡೆ ವಂಕರ ಆದ್ರೆ ತಿದ್ದಕ್ಕೆ ಹೋಗ್ಬೇಡಿ. ನಾಳೆ ಬಿಚ್ಚಿ ಮತ್ತೆ ಬುಟ್ಟಿಗೆ ಹಾಕ್ಬೇಕು ಅಂದ್ರೂ ಅವರ ಎದುರಿಗೆ ಬಿಚ್ಬೇಡಿ, ಮನುಷ್ಯರಿಗೆ ಮಾನ ಅನ್ನೋದು ಕೊನೇ ತನಕ ಇರ್ತದೆ.

ಹಸಿ ಎಲೆ ಇರೋ ಈರುಳ್ಳಿ ವರ್ಷ ಪೂರ್ತಿ ಸಿಗೋದಿಲ್ಲ, ಈಗ ಮೇ ತಿಂಗಳು, ಸೀಸನ್ ಮುಗೀತಾ ಬಂತು. ಆಮೇಲೆ ಬೇರೆ ಕೆಲಸ ಹುಡುಕಿ. ಅಬ್ಬಲಿಗೆ ಹೂವಿನ ದಂಡೆ ಕಟ್ಟೋದು, ತೆಂಗಿನ ಗರಿಯಿಂದ ಕಡ್ಡಿ ಬಿಡಿಸೋದು, ಒಣಗಿದ ಬಟ್ಟೆ ಒಂದೊಂದಾಗಿ ಒಳಗೆ ತರೋದು, ಮಡಚೋದು, ಅಕ್ಕಿ ಗೇರೋದು, ಕೋಳಿಗೆ ಕಾಳು ಹಾಕೋದು. ಕಾಲು ಏಳೋ ಹಾಗೆ ಸಾಮಾನು ದೂರ ಇಡೋ ಉಪಾಯ ಎಲ್ಲದಕ್ಕೂ ಒಂದೇ. ತುಳಸಿಕಟ್ಟೆ ಇದ್ರೆ ಬೆಳಗ್ಗೆ ನೀರು ಹಾಕಿ ಐದು ಸುತ್ತು ಬರ್ಲಿ, ಸಂಜೆ ದೀಪ ಇಟ್ಟು ಮತ್ತೆ ಐದು, ದೀಪ ಹಚ್ಚೋದು ಮಾತ್ರ ನೀವು. ‘ಪ್ರದಕ್ಷಿಣೆ ಹಾಕ್ವ’ ಅಂದ್ರೆ ಇಲ್ಲ ಅನ್ನೋ ಅತ್ತೆಯಂದಿರನ್ನ ನಾನು ಕಂಡಿದ್ದು ಕಡಿಮೆ.

ಎಷ್ಟು ಹೊತ್ತು ಅಂತ ಕೇಳ್ತೀರಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ 65 ದಾಟಿದವರಿಗೆ ವಾರಕ್ಕೆ 150 ನಿಮಿಷ ಚುರುಕಾದ ಚಟುವಟಿಕೆ, ಅದರ ಜೊತೆ ವಾರಕ್ಕೆ ಮೂರು ದಿನ ಸಮತೋಲನ ಮತ್ತೆ ಶಕ್ತಿಯ ವ್ಯಾಯಾಮ. ನಿಮ್ಮ ಡಾಕ್ಟ್ರ ಅರ್ಧ ಗಂಟೆ ಬಂದಿದ್ದೂ ಈ ಲೆಕ್ಕದಿಂದ್ಲೇ ಇರ್ಬೇಕು. ಆದ್ರೆ ಅರ್ಧ ಗಂಟೆ ಒಟ್ಟಿಗೇ ಆಗ್ಬೇಕು ಅಂತ ಎಲ್ಲೂ ಇಲ್ಲ. ಏಳು ನಿಮಿಷ, ಹತ್ತು ನಿಮಿಷ, ಐದು ನಿಮಿಷ ಅಂತ ದಿನಾ ಚೂರು ಚೂರು ಕೂಡಿಸಿ. ಮಾಡ್ತಾ ಮಾತಾಡಕ್ಕೆ ಆಗೋಷ್ಟು ಏದುಸಿರು ಸಾಕು. ಒಂದಿನ ಏನೂ ಆಗ್ಲಿಲ್ಲ ಅಂದ್ರೆ ಆಗ್ಲಿಲ್ಲ, ನಾಳೆ ಇದೆ.

ಇಷ್ಟೆಲ್ಲದರಲ್ಲಿ ಒಂದೇ ಒಂದು ನಿಜವಾದ ವ್ಯಾಯಾಮ ಮಾಡ್ಸಿ ಅಂದ್ರೆ ನಾನು ಹೇಳೋದು ಕುರ್ಚಿಯಿಂದ ಎದ್ದು ಕೂರೋದು. ತೊಡೆ, ಸೊಂಟ, ಸಮತೋಲನ ಮೂರಕ್ಕೂ ಅದೊಂದೇ ಸಾಕು, ಬಚ್ಚಲಲ್ಲಿ ಬೇಕಾಗೋದೂ ಅದೇ. ಚಹಾ, ಊಟ, ಸಂಜೆ ಚಹಾ, ಹೀಗೆ ಮೂರು ಹೊತ್ತಿಗೆ ಜೋಡಿಸಿ, ಚಹಾ ಕೊಡೋ ಮುಂಚೆ ಐದು ಸಲ. ಮರದ ಕುರ್ಚಿ ಇರ್ಲಿ, ಬೆನ್ನು ಗೋಡೆಗೆ ತಾಗಿಸಿ ಇಡಿ, ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗ್ಬೇಕು. ನೀವು ಎದುರಿಗೆ ಇನ್ನೊಂದು ಕುರ್ಚಿ ಹಾಕ್ಕೊಂಡು ಕೂತು ಜೊತೆಗೇ ಮಾಡಿ, ಬಾಯಲ್ಲಿ ಹೇಳೋದಕ್ಕಿಂತ ನೋಡಿ ಮಾಡೋದು ಅವರಿಗೆ ಸಲೀಸು. ಪಾದ ಸ್ವಲ್ಪ ಹಿಂದಕ್ಕೆ, ಕುರ್ಚಿಯ ಅಂಚಿಗೆ ಜರುಗಿ, ಮೂಗು ಮುಂದಕ್ಕೆ ಬಗ್ಗಿಸಿ, ಒಂದು ಎರಡು ಮೂರು ಅಂತ ತೂಗಿ ಏಳೋದು. ಕೂರುವಾಗ ದೊಪ್ಪನೆ ಬೀಳ್ದೆ ನಿಧಾನ ಕೂರೋದು, ಶಕ್ತಿ ಬರೋದು ಅದರಲ್ಲೇ. ಕಂಕುಳಿಗೆ ಕೈ ಹಾಕಿ ಎತ್ಬೇಡಿ, ಅವರ ಭುಜಕ್ಕೂ ಕೆಟ್ಟದ್ದು, ನಿಮ್ಮ ಸೊಂಟಕ್ಕೂ ಕೆಟ್ಟದ್ದು. ಇದು ಸಲೀಸಾದ ಮೇಲೆ ಅಡುಗೆಮನೆ ಕಟ್ಟೆ ಹಿಡ್ಕೊಂಡು ಹಿಮ್ಮಡಿ ಎತ್ತೋದು ಹತ್ತು ಸಲ ಸೇರಿಸಿ. ಇವತ್ತಿಗೂ ನೆಲಕ್ಕೆ ಮಣೆ ಹಾಕಿ ಕೂತು ಏಳ್ತಾರೆ ಅಂತಾದ್ರೆ ಅದನ್ನ ಬಿಡಿಸ್ಬೇಡಿ, ಪಕ್ಕದಲ್ಲಿ ಹಿಡಿಯೋಕೆ ಗಟ್ಟಿ ಸ್ಟೂಲ್ ಒಂದಿರ್ಲಿ.

ಮಾತಾಡಿಸೋದು ಹೇಗೆ ಅನ್ನೋದೂ ಇದರ ಭಾಗವೇ. ಹಿಂದಿನಿಂದ ಬಂದು ಕೈ ಹಿಡೀಬೇಡಿ, ಬೆಚ್ಚಿ ಕೊಡವ್ತಾರೆ. ಎದುರಿಂದ ಬನ್ನಿ, ಕಣ್ಣಿಗೆ ಕಾಣೋ ಹಾಗೆ ನಿಲ್ಲಿ, ನಿಮ್ಮ ಅಂಗೈ ಮೇಲ್ಮುಖ ಮಾಡಿ ಚಾಚಿ, ಅವರೇ ಹಿಡ್ಕೊಳ್ಲಿ. ಒಂದು ಸಲಕ್ಕೆ ಒಂದೇ ಮಾತು. ‘ಎದ್ದು ಚಪ್ಪಲಿ ಹಾಕ್ಕೊಂಡು ಹಿತ್ತಲಿಗೆ ಹೋಗಿ ತೆಂಗಿನಕಾಯಿ ತನ್ನಿ’ ಅಂದ್ರೆ ನಾಲ್ಕು ಕೆಲಸ ಆಯ್ತು, ಎರಡನೇದಕ್ಕೇ ಕಳೆದು ಹೋಗ್ತಾರೆ. ಹೇಳಿ ಹತ್ತು ಸೆಕೆಂಡ್ ಕಾಯಿರಿ, ಅವರ ತಲೆಗೆ ಮಾತು ಇಳಿಯೋಕೆ ಅಷ್ಟು ಹೊತ್ತು ಬೇಕು, ನಾವು ಆ ಹತ್ತು ಸೆಕೆಂಡಲ್ಲಿ ಮೂರು ಸಲ ಕೂಗಿ ಆಗಿರ್ತದೆ. ಇನ್ನೊಂದು, ನಡೀತಾ ಇರುವಾಗ ಕಥೆ ಹೇಳ್ಬೇಡಿ, ಪ್ರಶ್ನೆ ಕೇಳ್ಬೇಡಿ. ಉತ್ತರ ಕೊಡಕ್ಕೆ ನಿಂತುಬಿಡ್ತಾರಲ್ಲ, ಅಂಥವರು ಬೀಳೋ ಸಂಭವ ಜಾಸ್ತಿ ಅಂತ 1997ರಲ್ಲೇ ಸ್ವೀಡನ್ನಿನವರು ತೋರಿಸಿದ್ದಾರೆ. ಎರಡು ಕೆಲಸ ಒಟ್ಟಿಗೆ ಮೆದುಳಿಗೆ ಭಾರ. ಹಾಡು ಪರವಾಗಿಲ್ಲ, ಗೊತ್ತಿರೋ ಭಜನೆ ಆದ್ರೆ ಯೋಚನೆ ಬೇಡ, ಹೆಜ್ಜೆಗೆ ತಾಳವೂ ಸಿಗ್ತದೆ.

ಸಂಜೆ ಹೊರಡೋದರ ಬಗ್ಗೆ. ಬಿಸಿಲು ಇಳಿಯೋ ಹೊತ್ತಿಗೆ ದಣಿವು, ಮಬ್ಬು ಬೆಳಕು, ಗೊಂದಲ ಎಲ್ಲ ಸೇರಿ ‘ಮನೆಗೆ ಹೋಗ್ಬೇಕು’ ಅನ್ನಿಸ್ತದೆ, ಆ ಮನೆ ಹೆಚ್ಚಾಗಿ ತವರುಮನೆ, ಅಲ್ಲಿ ಅವರ ಆಯಿ ಇನ್ನೂ ಕಾಯ್ತಾ ಇರ್ತಾರೆ. ‘ನಿಮ್ಮ ಆಯಿ ಸತ್ತು ಮೂವತ್ತು ವರ್ಷ ಆಯ್ತು’ ಅಂತ ಹೇಳೋದು ಬೇಡ, ಪ್ರತಿ ಸಲವೂ ಹೊಸ ಸಾವು ಅದು. ಐದೂವರೆಗೆ ಹೊರಡ್ತಾರೆ ಅಂದ್ರೆ ನೀವು ನಾಲ್ಕೂವರೆಗೇ ಹೊರಡಿಸಿ. ‘ಬನ್ನಿ ಅತ್ತೇ, ಗದ್ದೆ ಕಡೆ ಹೋಗಿ ಬರ್ವ’ ಅಂತ ಹೈವೇಗೆ ಬೆನ್ನು ಮಾಡಿ ಒಂದು ಸುತ್ತು ಹಾಕಿಸಿ, ಬಂದ್ಕೂಡ್ಲೇ ಚಹಾ, ಜಗಲಿ ದೀಪ ಕತ್ತಲಾಗೋ ಮುಂಚೆನೇ ಹಾಕಿ. ಹೀಗೆ ಮಾಡಿದ ಬಹಳ ಮನೇಲಿ ಸಂಜೆ ಹೊರಡೋದು ಕಡಿಮೆ ಆಗಿದೆ, ಪೂರ್ತಿ ನಿಂತಿದೆ ಅಂತ ಹೇಳಲಾರೆ. ಹೊರಟೇ ಬಿಟ್ರೆ ಅಡ್ಡ ನಿಲ್ಬೇಡಿ, ಜೊತೆಗೆ ಹತ್ತು ಹೆಜ್ಜೆ ಹೋಗಿ, ಆಮೇಲೆ ‘ಕವಳದ ಸಂಚಿ ಮರ್ತು ಬಂದ್ರಿ’ ಅಂತ ತಿರುಗಿಸಿ.

ಗೇಟಿನ ಬೀಗ ನಾನು ತೆಗೀರಿ ಅನ್ನೋದಿಲ್ಲ. ನಾಲ್ಕು ಲೇನ್ ಹೈವೇ ಆ ಕಡೆ, ಈ ಕಡೆ ಹೊಳೆ-ಸಮುದ್ರ, ಬೀಗ ಇರ್ಲಿ. ಆದ್ರೆ ಬೀಗ ಗೇಟಿಗಿರ್ಬೇಕು, ಮನೆ ಬಾಗಿಲಿಗಲ್ಲ. ಜಗಲಿ, ಅಂಗಳ, ತುಳಸಿಕಟ್ಟೆ, ಹಿತ್ತಲು ಇಷ್ಟು ಸುತ್ತು ಅವರಿಗೆ ಯಾವಾಗ ಬೇಕಾದ್ರೂ ತೆರೆದಿರ್ಬೇಕು, ಬಾವಿಕಟ್ಟೆಗೆ ಮುಚ್ಚಳವೋ ಬಲೆಯೋ ಗಟ್ಟಿಯಾಗಿ ಹಾಕ್ಸಿ. ಗೇಟಿಗೆ ಒಂದು ಗಂಟೆ ಕಟ್ಟಿ. ಕವಳದ ಸಂಚಿ ಎಲ್ಲಿ ಹೋದ್ರೂ ಬಿಡೋದಿಲ್ಲ ಅಂತಾದ್ರೆ ಅದರ ಒಳಗೆ ನಿಮ್ಮ ಮೊಬೈಲ್ ನಂಬರ್ ಬರೆದ ಬಟ್ಟೆ ಚೂರು ಹೊಲಿದುಬಿಡಿ. ಆಟೋ ಸ್ಟ್ಯಾಂಡಿನವ್ರಿಗೆ, ಹೈವೇ ಪಕ್ಕ ಈಗಲೂ ಈರುಳ್ಳಿ ಮಾರೋ ಹೆಂಗಸರಿಗೆ ವಿಷಯ ಹೇಳಿಡಿ. ನಾಚಿಕೆ ಬೇಡ. ಈ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಶಿಯಾ ಇದೆ ಅಂತ 2023ರಲ್ಲಿ ಬಂದ ಅಂದಾಜು, ಅಂದ್ರೆ ನೂರಕ್ಕೆ ಏಳಕ್ಕಿಂತ ಜಾಸ್ತಿ. ಕಾಯಿಲೆ ಗೊತ್ತಿದ್ದವ್ರು ಕಂಡ್ರೆ ಕೂರಿಸಿ ನಿಮಗೆ ಫೋನ್ ಮಾಡ್ತಾರೆ, ಗೊತ್ತಿಲ್ದವ್ರು ಅಜ್ಜಿ ಪೇಟೆಗೆ ಹೊರಟಿದ್ದಾರೆ ಅಂದ್ಕೊಂಡು ಬಸ್ಸೇ ಹತ್ತಿಸಿಬಿಡ್ತಾರೆ.

ಮಳೆಗಾಲಕ್ಕೆ ಇನ್ನು ಮೂರು ವಾರ ಇದೆ, ಅಷ್ಟರೊಳಗೆ ಮನೆ ಒಂದಿಷ್ಟು ಸರಿ ಮಾಡ್ಕೊಳ್ಳಿ. ನಮ್ಮ ಕರಾವಳೀಲಿ ಜೂನಿಂದ ಸೆಪ್ಟೆಂಬರ್ ತನಕ ಅಂಗಳ ಅಂದ್ರೆ ಹಾವಸೆ, ಗಟ್ಟಿಮುಟ್ಟಾದ ಗಂಡಸರೇ ಜಾರಿ ಬೀಳ್ತಾರೆ. ಅಡಿಕೆ ದಬ್ಬೆ ಹಾಸಿದ ದಾರಿ ನಮಗೆ ನಿಮಗೆ ಸರಿ, ಅತ್ತೆಗೆ ಬೇಡ. ಮಳೆಗಾಲದಲ್ಲಿ ಅವರ ನಡಿಗೆ ಪೂರ್ತಿ ಒಳಗೆ, ಜಗಲಿಯಿಂದ ನಡುಮನೆ, ಅಲ್ಲಿಂದ ಅಡುಗೆಮನೆ, ವಾಪಸ್. ಹಾಗಾಗಿ ಆ ದಾರೀಲಿ ಇರೋ ಚಾಪೆ, ವಯರು, ಮೊಮ್ಮಕ್ಕಳ ಆಟದ ಸಾಮಾನು ತೆಗೀರಿ. ಬಾಗಿಲಲ್ಲಿ ಕಪ್ಪು ಕಾಲೊರಸು ಇದ್ರೆ ಬದಲಾಯಿಸಿ, ಈ ಕಾಯಿಲೆಯಲ್ಲಿ ಕಪ್ಪು ಬಣ್ಣ ನೆಲದಲ್ಲಿ ಗುಂಡಿ ಥರ ಕಾಣ್ತದೆ, ದಾಟಕ್ಕೆ ಹೆದ್ರಿ ನಿಂತುಬಿಡ್ತಾರೆ, ಮನೆಯವರು ಹಟ ಅಂದ್ಕೊಳ್ತಾರೆ. ಮೆಟ್ಟಿಲ ಅಂಚಿಗೆ ಹಳದಿ ಬಣ್ಣದ ಪಟ್ಟಿ ಬಳೀರಿ. ಬಚ್ಚಲಲ್ಲಿ ಗೋಡೆಗೆ ಗಟ್ಟಿಯಾದ ಹಿಡಿಕೆ ಎರಡು ಕೂರಿಸಿ, ಗೋಡೆ ಬಿಳಿ ಇದ್ರೆ ಹಿಡಿಕೆ ಬೇರೆ ಬಣ್ಣದ್ದಿರ್ಲಿ, ಇಲ್ಲಾಂದ್ರೆ ಕಾಣೋದೇ ಇಲ್ಲ. ಸ್ನಾನಕ್ಕೆ ಅಗಲ ಕಾಲಿನ ಸ್ಟೂಲ್. ಹಂಡೆಗೆ ಬೆಂಕಿ ಹಾಕೋ ಬಚ್ಚಲಾದ್ರೆ ಅಲ್ಲಿ ಒಬ್ಬರನ್ನೇ ಬಿಡೋದು ಬೇಡವೇ ಬೇಡ. ರಾತ್ರಿ ಮಂಚದಿಂದ ಬಚ್ಚಲ ತನಕ ಸಣ್ಣ ಲೈಟ್ ಉರೀತಾ ಇರ್ಲಿ. ಹವಾಯಿ ಚಪ್ಪಲಿ ಬಿಡಿಸಿ, ಹಿಂದೆ ಪಟ್ಟಿ ಇರೋ, ಅಂಟಿಸೋ ಥರದ ಚಪ್ಪಲಿ ತನ್ನಿ.

ಊಟದ ವಿಷ್ಯ ಚಿಕ್ಕದಾಗಿ ಹೇಳಿ ಮುಗಿಸ್ತೀನಿ. ಬರೀ ಗಂಜಿ-ಉಪ್ಪಿನಕಾಯಿ ತಿಂದ್ರೆ ಕಾಲಿಗೆ ಮಾಂಸ ಬರೋದಿಲ್ಲ, ಈ ವಯಸ್ಸಲ್ಲಿ ದಿನಕ್ಕೆ ಮೈತೂಕದ ಕಿಲೋಗೆ ಒಂದು ಗ್ರಾಂ, ಸ್ವಲ್ಪ ಮೇಲೆನೇ, ಪ್ರೋಟೀನ್ ಬೇಕು. ಕಿಡ್ನಿ ತೊಂದರೆ ಇದ್ರೆ ಡಾಕ್ಟ್ರನ್ನ ಕೇಳಿ, ಇಲ್ಲ ಅಂದ್ರೆ ಮೀನು ಇರೋ ಮನೇಲಿ ಇದಕ್ಕೇನು ಬರ, ಮುಳ್ಳು ಬಿಡಿಸಿ ಕೊಡಿ, ಇಲ್ಲಾಂದ್ರೆ ಮೊಟ್ಟೆ, ಹೆಸರುಕಾಳು, ಮೊಸರು. ಸೆಕೆ ಇದ್ರೂ ನೀರು ಕೇಳೋದಿಲ್ಲ ಅವ್ರು, ಕೈಗೆ ಲೋಟ ಕೊಡ್ಬೇಕು, ಮಜ್ಜಿಗೆ ಆದ್ರೂ ಸೈ.

ನಿಮ್ಮ ಬಗ್ಗೆ ನೀವು ಒಂದು ಸಾಲೂ ಬರೀಲಿಲ್ಲ. ಇಷ್ಟೆಲ್ಲ ನೀವೊಬ್ಬರೇ ಮಾಡ್ಬೇಕು ಅಂತ ನಾನು ಹೇಳ್ತಾ ಇಲ್ಲ, ಆಗೋದೂ ಇಲ್ಲ. ಮೇಲೆ ಹೇಳಿದ್ರಲ್ಲಿ ಕುರ್ಚಿ ಏಳೋದು ಮತ್ತೆ ನಾಲ್ಕೂವರೆ ಸುತ್ತು, ಇವೆರಡು ಹಿಡೀರಿ, ಉಳಿದಿದ್ದು ಬಂದಷ್ಟು ಬರ್ಲಿ. ಯಜಮಾನ್ರು ಶನಿವಾರ ಬಂದು ಅಮ್ಮನ ಪಕ್ಕ ಮೊಬೈಲ್ ಹಿಡ್ಕೊಂಡು ಕೂರೋದು ಬೇಡ, ಶನಿವಾರ ಸಂಜೆ, ಭಾನುವಾರ ಬೆಳಗ್ಗೆ ಅಮ್ಮನ ಜೊತೆ ಗದ್ದೆ ಸುತ್ತು ಅವರದ್ದೇ ಪಾಲು, ಆ ಹೊತ್ತು ನೀವು ನಿದ್ದೆ ಮಾಡಿ. ಹಿರಿಯರ ವಿಷಯಕ್ಕೆ ಅಂತ ಎಲ್ಡರ್ ಲೈನ್ 14567 ಇದೆ. ನಿಮಗೇ ಮನಸ್ಸು ಕುಸಿದ್ರೆ ಟೆಲಿ ಮಾನಸ್ 14416, ಅಲ್ಲಿ ಕನ್ನಡದಲ್ಲೇ ಮಾತಾಡ್ಬಹುದು. ನಡಿಗೆ ನೋಡಿ ಹೇಳೋಕೆ ಒಂದ್ಸಲನಾದ್ರೂ ಫಿಸಿಯೋ ಬೇಕು, ಕುಮಟಾದಲ್ಲಿ ಸಿಗ್ದೇ ಇದ್ರೆ ಕಾರವಾರದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಕ್ರಿಮ್ಸ್‌ನಲ್ಲಿ ವಿಚಾರಿಸಿ. ಮುಂದೆ ಯಾವಾಗ್ಲೋ ಅತ್ತೆಗೆ ನಿಲ್ಲಕ್ಕೇ ಆಗದ ದಿನ ಬರ್ಬಹುದು, ಆಗಿನ ಕ್ರಮ ಬೇರೆ, ಮಂಚದ ಅಂಚಿಗೆ ಕೂರಿಸೋದು, ಎರಡೆರಡು ತಾಸಿಗೆ ಮಗ್ಗುಲು ಬದಲಿಸೋದು. ಅದರ ಚಿಂತೆ ಈಗ ಬೇಡ, ತಾನೇ ಹೈವೇ ತನಕ ಹೋಗಿ ಬಂದ ಕಾಲು ಅದು.

ನಾಳೆ ಬೆಳಗ್ಗೆ ಮೊದಲ ಕೆಲಸ, ಆ ಪ್ಲಾಸ್ಟಿಕ್ ಕುರ್ಚಿ ಒಳಗಿಡಿ. ಟೈಲ್ಸ್ ಮೇಲೆ ಅದು ಏಳುವಾಗ ಹಿಂದಕ್ಕೆ ಜಾರ್ತದೆ, ನಿಮ್ಮತ್ತೆ ಏಳಕ್ಕೆ ಹೆದರೋದು ಅದಕ್ಕೇ ಇದ್ರೂ ಇರ್ಬಹುದು. ಮರದ್ದು ಹಾಕಿ, ಈರುಳ್ಳಿ ಬುಟ್ಟಿ ಆ ತುದಿಗಿಟ್ಟು, ಏನೂ ಹೇಳ್ದೆ ನೀವು ಒಂದು ಜಡೆ ಹೆಣೀತಾ ಕೂತ್ಕೊಳ್ಳಿ. ಬೇಕಂತಲೇ ಸ್ವಲ್ಪ ತಪ್ಪು ಹೆಣೀರಿ.